ಒಂದು ಬೈಟಿನ ಬೆಲೆ

ಭಾರತದಲ್ಲಿ 1957ನೆಯ ಇಸವಿಯ ಮಾರ್ಚ್ ತಿಂಗಳಿನ ಕೊನೆಯವರೆಗೆ ಒಂದು ರೂಪಾಯಿಗೆ ಹದಿನಾರು ಆಣೆಗಳಿದ್ದವು. ಹದಿನೈದು ಆಣೆಗೆ ಇನ್ನೊಂದು ಆಣೆ ಸೇರಿದೊಡನೆ ಅಂಗಡಿಯವನು ಆಣೆಯ ಸ್ಥಾನದಲ್ಲಿ ಸೊನ್ನೆಯನ್ನಿಟ್ಟು, ರೂಪಾಯಿಯ ಸ್ಥಾನದಲ್ಲಿ ಒಂದನ್ನು ಹೆಚ್ಚಿಸುತ್ತಿದ್ದನು. ಎರಡು ರೂಪಾಯಿ ಐದು ಆಣೆ ಎಂದರೆ ಮೂವತ್ತೇಳು ಆಣೆ ಎಂಬುದನ್ನು ಆ ಕಾಲದ ಮಕ್ಕಳು ಬಾಯಿಲೆಕ್ಕದಲ್ಲಿಯೇ ಹೇಳುತ್ತಿದ್ದರು. ರೂಪಾಯಿಗೆ ನೂರು ಪೈಸೆಯಾದ ಮೇಲೆ ಈ ಲೆಕ್ಕವು ವ್ಯವಹಾರದಿಂದ ಮರೆಯಾಯಿತು. ಆದರೆ ಗಣಕಯಂತ್ರದ ಒಳಗನ್ನು ಓದಬಯಸುವವರಿಗೆ ಹದಿನಾರರ ಎಣಿಕೆಯು ಇಂದಿಗೂ ಅವಶ್ಯವಾದ ವಿದ್ಯೆಯಾಗಿದೆ.

ಗಣಕಯಂತ್ರವು ಬಲ್ಲ ಚಿಹ್ನೆಗಳು ಸೊನ್ನೆ ಮತ್ತು ಒಂದು ಎಂಬ ಎರಡೇ. ಅಂತಹ ಒಂದು ಚಿಹ್ನೆಗೆ ಬಿಟ್ ಎಂದೂ ಎಂಟು ಬಿಟ್‌ಗಳ ಗುಂಪಿಗೆ ಬೈಟ್ ಎಂದೂ ಹೆಸರು. ಒಂದು ಬೈಟಿನಲ್ಲಿ 0 ಯಿಂದ 255ರವರೆಗಿನ ಯಾವುದಾದರೊಂದು ಸಂಖ್ಯೆಯನ್ನು ಇಡಬಹುದು. ಸೊನ್ನೆ ಮತ್ತು ಒಂದುಗಳ ಉದ್ದನೆಯ ಸಾಲುಗಳನ್ನು ಓದುವುದು ಮನುಷ್ಯನ ಕಣ್ಣಿಗೆ ಆಯಾಸಕರ. ಆದುದರಿಂದ ಬೈಟನ್ನು ನಾಲ್ಕು ನಾಲ್ಕು ಬಿಟ್‌ಗಳ ಎರಡು ಭಾಗಗಳಾಗಿ ಮಾಡಿ, ಒಂದೊಂದು ಭಾಗವನ್ನು ಒಂದೊಂದು ಅಂಕೆಯಿಂದ ಬರೆಯುತ್ತಾರೆ. ನಾಲ್ಕು ಬಿಟ್‌ಗಳಿಗೆ ಹದಿನಾರು ರೂಪಗಳು ಸಾಧ್ಯವಾದುದರಿಂದ ಹದಿನಾರು ಅಂಕೆಗಳು ಬೇಕಾಗುತ್ತವೆ. 0 ಯಿಂದ 9ರವರೆಗೆ ನಮಗೆ ಪರಿಚಿತವಾದ ಅಂಕೆಗಳೇ ಸಾಕು. ಹತ್ತರಿಂದ ಹದಿನೈದರವರೆಗಿನ ಬೆಲೆಗಳಿಗೆ ಇಂಗ್ಲಿಷ್ ಅಕ್ಷರಗಳಾದ ಎ, ಬಿ, ಸಿ, ಡಿ, ಇ, ಎಫ್‌ಗಳನ್ನು ಬಳಸುತ್ತಾರೆ. ಇದೇ ಷೋಡಶಮಾನ ಪದ್ಧತಿ. ಇಂಗ್ಲಿಷಿನಲ್ಲಿ ಇದಕ್ಕೆ ಹೆಕ್ಸಾಡೆಸಿಮಲ್ ಎಂದೂ ಸಂಕ್ಷೇಪವಾಗಿ ಹೆಕ್ಸ್ ಎಂದೂ ಹೆಸರು. ಹೆಕ್ಸ್ 25 ಎಂದರೆ ಎರಡು ಹದಿನಾರುಗಳು ಮತ್ತು ಐದು, ಅಂದರೆ ಮೂವತ್ತೇಳು. ಇದು ಹಳೆಯ ಎರಡು ರೂಪಾಯಿ ಐದು ಆಣೆಯ ಲೆಕ್ಕವೇ ಆಗಿದೆ.

ಮೊದಮೊದಲು ಗಣಕಯಂತ್ರಗಳು ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದವು. 1977ರಲ್ಲಿ ಅಮೆರಿಕದಲ್ಲಿ ಹೊರಬಂದ ಆಪಲ್ 2 ಮುಂತಾದ ಯಂತ್ರಗಳಿಂದ ಅವು ಮನೆಗಳನ್ನು ಪ್ರವೇಶಿಸಿದವು. 1981ರಲ್ಲಿ ಇಂಗ್ಲೆಂಡಿನ ಬಿಬಿಸಿ ಮೈಕ್ರೋ, 1982ರಲ್ಲಿ ಅಮೆರಿಕದ ಕಮೊಡೋರ್ 64 ಮತ್ತು ಇಂಗ್ಲೆಂಡಿನ ಸಿಂಕ್ಲೇರ್ ಸ್ಪೆಕ್ಟ್ರಮ್ ಬಂದವು. ಇವುಗಳಲ್ಲಿ ಬಿಬಿಸಿ ಮೈಕ್ರೋ ಯಂತ್ರವು 1984-85ರಲ್ಲಿ ಪ್ರಾರಂಭವಾದ ಸರ್ಕಾರಿ ಯೋಜನೆಯೊಂದರ ಮೂಲಕ ಭಾರತದ ಆಯ್ದ ಶಾಲೆಗಳಿಗೂ ಬಂದಿತು. ಇಂತಹ ಯಂತ್ರವನ್ನು ಮನೆಯ ದೂರದರ್ಶನ ಪೆಟ್ಟಿಗೆಗೆ ಜೋಡಿಸಿ ಬಳಸಬಹುದಾಗಿತ್ತು. ಅನೇಕರು ತಮ್ಮ ಪ್ರೋಗ್ರಾಂಗಳನ್ನು ಹಾಡು ಕೇಳುವ ಸಾಮಾನ್ಯ ಕ್ಯಾಸೆಟ್ಟಿನಲ್ಲಿಯೇ ಸಂಗ್ರಹಿಸಿಡುತ್ತಿದ್ದರು.

ಸ್ಪೆಕ್ಟ್ರಮ್ ಯಂತ್ರದ ಸ್ಮೃತಿಕೋಶವನ್ನು 65,536 ಮನೆಗಳಿರುವ ಒಂದು ನೀಳವಾದ ಬೀದಿಗೆ ಹೋಲಿಸಬಹುದು. ಪ್ರತಿಯೊಂದು ಮನೆಗೂ ಒಂದು ಸಂಖ್ಯೆಯಿದೆ. ಪ್ರತಿಯೊಂದು ಮನೆಯಲ್ಲಿಯೂ ಒಂದೇ ಬೈಟ್ ವಾಸಿಸುತ್ತದೆ. ಮೊದಲ 16,384 ಮನೆಗಳಲ್ಲಿರುವುದನ್ನು ಕಾರ್ಖಾನೆಯಲ್ಲಿಯೇ ಅಳಿಸಲಾಗದಂತೆ ಬರೆದಿರುತ್ತಾರೆ. ಅವುಗಳ ಮುಂದಿನ 6,912 ಮನೆಗಳು ಪರದೆಯ ಮೇಲೆ ಮೂಡುವ ಚಿತ್ರಕ್ಕೆ ಮೀಸಲಾಗಿವೆ. ಇಡೀ ಬೀದಿಯಲ್ಲಿ ಇರುವುದೆಲ್ಲ ಸಂಖ್ಯೆಗಳೇ. ಹಾಗಾದರೆ ಯಾವ ಸಂಖ್ಯೆ ಆಜ್ಞೆ, ಯಾವುದು ಅಕ್ಷರ, ಯಾವುದು ಚಿತ್ರ ಎಂಬುದನ್ನು ತಿಳಿಯುವುದು ಹೇಗೆ? ಅದನ್ನು ನಿರ್ಣಯಿಸುವುದು ಸ್ಥಾನ. ಉದಾಹರಣೆಗೆ, ಹೆಕ್ಸ್ 35 ಎಂಬ ಬೈಟು ಬರಹದ ನಡುವೆ ಇದ್ದರೆ ಪರದೆಯ ಮೇಲೆ 5 ಎಂಬ ಅಂಕೆ ಕಾಣಿಸುತ್ತದೆ. ಅದೇ ಬೈಟು ಆಜ್ಞೆಗಳ ನಡುವೆ ಇದ್ದರೆ, ಸೂಚಿಸಿದ ಮನೆಯಲ್ಲಿರುವ ಸಂಖ್ಯೆಯಿಂದ ಒಂದನ್ನು ಕಳೆ ಎಂದು ಅರ್ಥವಾಗುತ್ತದೆ.

ಹೀಗಿರುವ ಬೈಟುಗಳನ್ನು ನೇರವಾಗಿ ನೋಡಿ ತಿದ್ದಲು ನೆರವಾಗುವ ಸಾಧನಕ್ಕೆ ಹೆಕ್ಸ್ ಎಡಿಟರ್ ಎಂದು ಹೆಸರು. ಅದರ ಪರದೆಯಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ. ಎಡಗಡೆ ಮನೆಯ ಸಂಖ್ಯೆ, ನಡುವೆ ಎರಡೆರಡು ಅಂಕೆಗಳ ಬೈಟುಗಳು, ಬಲಗಡೆ ಅವುಗಳಿಗೆ ಸರಿಹೊಂದುವ ಅಕ್ಷರಗಳು. ಒಂದು ಪ್ರೋಗ್ರಾಮಿನ ನಡುವೆ 52 45 41 44 59 ಎಂಬ ಸಾಲು ಕಂಡರೆ, ಬಲಗಡೆಯಲ್ಲಿ ‘ರೆಡಿ’ ಎಂಬ ಇಂಗ್ಲಿಷ್ ಪದದ ಐದು ಅಕ್ಷರಗಳು ಕಾಣುತ್ತವೆ. ಅದನ್ನು 53 54 41 52 54 ಎಂದು ತಿದ್ದಿದರೆ, ಪರದೆಯ ಮೇಲೆ ‘ಸ್ಟಾರ್ಟ್’ ಎಂಬ ಪದ ಮೂಡುತ್ತದೆ. ಇಂಗ್ಲಿಷಿನಲ್ಲಿ ಇವೆರಡೂ ಐದು ಅಕ್ಷರಗಳ ಪದಗಳೆಂಬುದನ್ನು ಮರೆಯಬಾರದು. ಆರು ಅಕ್ಷರಗಳ ಪದವನ್ನು ಬರೆಯಹೊರಟರೆ ಪಕ್ಕದ ಮನೆಯ ಬೈಟು ಅಳಿಸಿಹೋಗುತ್ತದೆ. ಹೊಸ ಬೈಟನ್ನು ನಡುವೆ ತೂರಿಸಿದರೆ ಮುಂದಿನ ಬೈಟುಗಳೆಲ್ಲ ಒಂದೊಂದು ಮನೆ ಆಚೆಗೆ ಸರಿಯುತ್ತವೆ. ಪ್ರೋಗ್ರಾಮಿನ ಆಜ್ಞೆಗಳು ‘ಇಂತಹ ಸಂಖ್ಯೆಯ ಮನೆಗೆ ಹೋಗು’ ಎಂದು ಹೇಳುವುದರಿಂದ, ಹಳೆಯ ವಿಳಾಸವನ್ನು ಹಿಡಿದು ಹೊರಟ ಅಂಚೆಯವನಂತೆ ಯಂತ್ರವು ತಪ್ಪು ಬಾಗಿಲನ್ನು ತಟ್ಟುತ್ತದೆ. ಮರುಕ್ಷಣವೇ ಪ್ರೋಗ್ರಾಂ ಕುಸಿದುಬೀಳಬಹುದು.

ಒಂದೇ ಒಂದು ಬೈಟಿನ ಶಕ್ತಿ ಎಷ್ಟೆಂಬುದಕ್ಕೆ ಸ್ಪೆಕ್ಟ್ರಮ್ ಯಂತ್ರಕ್ಕಾಗಿ 1983ರಲ್ಲಿ ಪ್ರಕಟವಾದ ‘ಮ್ಯಾನಿಕ್ ಮೈನರ್’ ಎಂಬ ಆಟ ನಿದರ್ಶನವಾಗಿದೆ. ಅದನ್ನು ರಚಿಸಿದವನು ಮ್ಯಾಥ್ಯೂ ಸ್ಮಿತ್ ಎಂಬ ಹದಿಹರೆಯದ ತರುಣ. ಆಟದಲ್ಲಿ ನಾಯಕನು ಎಡವಿದಾಗಲೆಲ್ಲ ಅವನಿಗೆ ಉಳಿದಿರುವ ಜೀವಗಳಲ್ಲಿ ಒಂದು ಕಡಿಮೆಯಾಗುತ್ತದೆ. ಹಾಗೆ ಕಳೆಯುವ ಆಜ್ಞೆಯಾದ ಹೆಕ್ಸ್ 35, ಸ್ಮೃತಿಕೋಶದ 35,136ನೆಯ ಮನೆಯಲ್ಲಿತ್ತು. ಸ್ಪೆಕ್ಟ್ರಮ್‌ನ ಬೇಸಿಕ್ ಭಾಷೆಯಲ್ಲಿ ಬೇಕಾದ ಮನೆಯಲ್ಲಿ ಬೇಕಾದ ಸಂಖ್ಯೆಯನ್ನಿಡಲು ‘ಪೋಕ್’ ಎಂಬ ಆಜ್ಞೆಯಿದೆ. ಅದರ ಸಹಾಯದಿಂದ ಆ ಮನೆಯಲ್ಲಿ ಸೊನ್ನೆಯನ್ನಿಟ್ಟರೆ, ‘ಏನನ್ನೂ ಮಾಡದೆ ಮುಂದೆ ಸಾಗು’ ಎಂಬ ಆಜ್ಞೆಯಾಗುತ್ತದೆ. ಆಗ ನಾಯಕನ ಜೀವಗಳು ಎಂದಿಗೂ ಮುಗಿಯುವುದಿಲ್ಲ.

ಇದು ವಿನೋದದ ಮಾತಾಯಿತು. ಅದೇ ತರುಣನ ಮುಂದಿನ ಆಟವಾದ ‘ಜೆಟ್ ಸೆಟ್ ವಿಲ್ಲಿ’ 1984ರಲ್ಲಿ ಪ್ರಕಟವಾದಾಗ ಬೈಟುಗಳನ್ನು ಓದುವ ವಿದ್ಯೆಗೆ ನಿಜವಾದ ಪರೀಕ್ಷೆಯೊದಗಿತು. ದೊಡ್ಡದೊಂದು ಬಂಗಲೆಯ ಕೋಣೆಗಳಲ್ಲಿ ಚದುರಿಬಿದ್ದಿರುವ ವಸ್ತುಗಳನ್ನೆಲ್ಲ ಕೂಡಿಸುವುದು ಆ ಆಟದ ಗುರಿ. ಆದರೆ ಆಟಗಾರನು ಅಟ್ಟದ ಕೋಣೆಯನ್ನು ಒಮ್ಮೆ ಹೊಕ್ಕು ಬಂದನೆಂದರೆ, ಬೇರೆ ಕೆಲವು ಕೋಣೆಗಳಲ್ಲಿ ಕಾಲಿಟ್ಟೊಡನೆಯೇ ನಾಯಕನು ಸಾಯುತ್ತಿದ್ದನು. ಎಷ್ಟು ಜಾಣನಾದರೂ ಆಟವನ್ನು ಪೂರ್ಣಗೊಳಿಸಲಾಗುತ್ತಿರಲಿಲ್ಲ. ಪ್ರಕಾಶಕರು ಮೊದಲು, ಆ ಕೋಣೆಗಳಲ್ಲಿ ವಿಷದ ಗಾಳಿ ತುಂಬಿದೆ, ಇದು ಉದ್ದೇಶಪೂರ್ವಕವಾದ ಏರ್ಪಾಡು ಎಂದು ಹೇಳಿದರು. ಆ ಸಮಾಧಾನವನ್ನು ಒಪ್ಪದ ಆಟಗಾರರು ಸ್ಮೃತಿಕೋಶದ ಬೈಟುಗಳನ್ನು ಒಂದೊಂದಾಗಿ ಪರಿಶೀಲಿಸುತ್ತ ಹೋದರು. ನಿಜವಾದ ಕಾರಣ ಹೊರಬಿದ್ದಿತು. ಅಟ್ಟದ ಕೋಣೆಯಲ್ಲಿ ಹಾರುವ ಬಾಣವೊಂದರ ದಾರಿಯನ್ನು ತಿಳಿಸುವ ಅಂಶವು ತಪ್ಪಾಗಿದ್ದಿತು. ಅದರಿಂದ ಬಾಣದ ಚಿತ್ರವು ಚಿತ್ರಕ್ಕೆ ಮೀಸಲಾದ ಮನೆಗಳನ್ನು ದಾಟಿ, ಬೇರೆ ಕೋಣೆಗಳ ವಿವರಗಳಿದ್ದ ಮನೆಗಳ ಮೇಲೆ ತನ್ನ ಗೆರೆಗಳನ್ನು ಬರೆದುಬಿಡುತ್ತಿತ್ತು. ವಿಷದ ಗಾಳಿ ಎಲ್ಲಿಯೂ ಇರಲಿಲ್ಲ. ಆಟದಲ್ಲಿ ಇನ್ನೂ ಕೆಲವು ದೋಷಗಳಿದ್ದವು. ಕಡೆಗೆ ಪ್ರಕಾಶಕರೇ ತಿದ್ದುಪಡಿಯ ಪೋಕ್ ಆಜ್ಞೆಗಳನ್ನು ಪ್ರಕಟಿಸಿದರು. ಬೆರಳೆಣಿಕೆಯಷ್ಟು ಬೈಟುಗಳನ್ನು ಬದಲಿಸಿದ ಮೇಲೆ, ಅಸಾಧ್ಯವಾಗಿದ್ದ ಆಟವು ಸಾಧ್ಯವಾಯಿತು.

ಇಂತಹ ತಿದ್ದುವಿಕೆಯು ಓಲೆಗರಿಯ ಪ್ರತಿಗಳನ್ನು ಸಂಪಾದಿಸುವ ವಿದ್ವಾಂಸರ ಕಾರ್ಯವನ್ನು ನೆನಪಿಗೆ ತರುತ್ತದೆ. ಲಿಪಿಕಾರನ ಕೈತಪ್ಪನ್ನು ಕಂಡ ಸಂಪಾದಕನು ಅವಸರದಿಂದ ಅದನ್ನು ಅಳಿಸುವುದಿಲ್ಲ. ಬೇರೆ ಪ್ರತಿಗಳೊಡನೆ ಹೋಲಿಸಿ ನೋಡುತ್ತಾನೆ; ಅವಶ್ಯವಿದ್ದಷ್ಟನ್ನು ಮಾತ್ರ ತಿದ್ದುತ್ತಾನೆ; ಮೂಲದಲ್ಲಿ ಏನಿತ್ತೆಂಬುದನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಬೈಟುಗಳನ್ನು ತಿದ್ದುವವನಿಗೂ ಇದೇ ಶಿಸ್ತು ಬೇಕು. ಮೊದಲು ಇನ್ನೊಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಬೇಕು; ತಿದ್ದುವ ಬೈಟಿನ ಸ್ಥಾನವನ್ನೂ ಹಳೆಯ ಬೆಲೆಯನ್ನೂ ಬರೆದಿಡಬೇಕು; ಒಮ್ಮೆಗೆ ಒಂದೇ ಬದಲಾವಣೆಯನ್ನು ಮಾಡಿ ಪರಿಣಾಮವನ್ನು ಪರೀಕ್ಷಿಸಬೇಕು. ಮತ್ತೊಬ್ಬರ ಕೃತಿಯನ್ನು ತನ್ನದೆಂದು ತೋರಿಸಲು ಈ ವಿದ್ಯೆಯನ್ನು ಬಳಸುವುದು ಸಲ್ಲದು.

ಆ ಯಂತ್ರಗಳ ತಯಾರಿಕೆ ನಿಂತು ಎಷ್ಟೋ ವರ್ಷಗಳಾದವು. ಕ್ಯಾಸೆಟ್ಟುಗಳ ಮತ್ತು ಡಿಸ್ಕುಗಳ ಕಾಂತೀಯ ಲೇಪ ಸವೆಯುತ್ತಿದೆ. ಅನೇಕ ಪ್ರೋಗ್ರಾಂಗಳ ಕರ್ತೃಗಳು ಬರೆದಿದ್ದ ಮೂಲಪ್ರತಿಗಳು ಕಳೆದುಹೋಗಿ, ಬೈಟುಗಳ ಸಾಲು ಮಾತ್ರ ಉಳಿದಿದೆ. ಆಸಕ್ತರು ಅವನ್ನು ಇಂದಿನ ಗಣಕಯಂತ್ರಗಳಿಗೆ ನಕಲಿಳಿಸಿ, ಕೆಟ್ಟುಹೋದ ಬೈಟುಗಳನ್ನು ಹೆಕ್ಸ್ ಎಡಿಟರಿನಲ್ಲಿ ಸರಿಪಡಿಸಿ, ಹಳೆಯ ಕೃತಿಗಳಿಗೆ ಮತ್ತೆ ಜೀವ ತುಂಬುತ್ತಿದ್ದಾರೆ. ಹೊರಗಿನಿಂದ ನೋಡುವವರಿಗೆ ಅದು ಅರ್ಥವಿಲ್ಲದ ಅಂಕೆಗಳ ರಾಶಿಯಂತೆ ಕಾಣಬಹುದು. ಆದರೆ ತಾಳ್ಮೆಯಿಂದ ಓದಬಲ್ಲವರಿಗೆ, ಒಬ್ಬ ಮನುಷ್ಯನು ಏನನ್ನು ಯೋಚಿಸಿದನು, ಎಲ್ಲಿ ಎಡವಿದನು ಎಂಬುದು ಆ ಅಂಕೆಗಳಲ್ಲಿಯೇ ತಿಳಿದುಬರುತ್ತದೆ. ‘ಇದು ಇರುವುದೇ ಹೀಗೆ’ ಎಂಬ ಮಾತಿಗೆ ತಲೆಬಾಗದೆ, ಹೀಗಿರುವುದಕ್ಕೆ ಕಾರಣವೇನೆಂದು ಹುಡುಕುವವನಿಗೆ ಒಂದು ಬೈಟೂ ಚಿಕ್ಕದಲ್ಲ.