ಅಂಗೈಯಗಲದ ರಾಣಿ

ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಪುಟಾಣಿ ಭಾವಚಿತ್ರವೊಂದಿದೆ. ಎತ್ತರ 51 ಮಿಲಿಮೀಟರ್, ಅಗಲ 48. 1572ರಲ್ಲಿ ಇದನ್ನು ಬರೆದವನು ನಿಕೊಲಸ್ ಹಿಲಿಯರ್ಡ್. ರಾಣಿಗೆ ಆಗ 38 ವರ್ಷವೆಂದು ಚಿತ್ರದಲ್ಲೇ ಚಿನ್ನದಕ್ಷರಗಳಲ್ಲಿ ನಮೂದಿಸಿದ್ದಾನೆ. ಅವನು ಕಲಿತದ್ದು ಅಕ್ಕಸಾಲಿಗನ ಕಸುಬು, ತಂದೆಯದೂ ಅದೇ. ಅವನ ಕಲೆಯ ಗುಟ್ಟು ಇಲ್ಲಿಯೇ ಇದೆ ಎನ್ನುವುದು ನನ್ನ ನಂಬಿಕೆ. ಅವನು ಒಡವೆಯ ಚಿತ್ರ ಬರೆಯುತ್ತಿರಲಿಲ್ಲ, ಬಣ್ಣದಲ್ಲಿ ಒಡವೆಯನ್ನೇ ಮಾಡುತ್ತಿದ್ದ.

ಕರುವಿನ ಚರ್ಮವನ್ನು ಹದಮಾಡಿ ತೆಗೆದ ತೆಳು ಹಾಳೆಯನ್ನು ಇಸ್ಪೀಟೆಲೆಗೆ ಅಂಟಿಸಿ ನಯವಾಗಿ ಉಜ್ಜುವುದು ಮೊದಲ ಕೆಲಸ. ಅದರ ಮೇಲೆ ಮೈಬಣ್ಣದ ಒಂದು ಪದರ. ಮುಖದ ಉಬ್ಬುತಗ್ಗುಗಳೆಲ್ಲ ಆಮೇಲೆ ಅಳಿಲಿನ ಕೂದಲಿನ ಕುಂಚದಿಂದ, ಗೋಂದು ಬೆರೆಸಿದ ನೀರುಬಣ್ಣದ ಸಣ್ಣ ಸಣ್ಣ ಗೆರೆಗಳಲ್ಲಿ ಮೂಡುತ್ತವೆ. ಬಟ್ಟೆಯ ಎಳೆ ಉದುರಿದರೂ ಕೆಲಸ ಕೆಟ್ಟೀತೆಂದು ಚಿತ್ರಕಾರ ರೇಷ್ಮೆ ಉಡಬೇಕು, ಹಸಿ ಬಣ್ಣದ ಮುಂದೆ ಮಾತಾಡುವಾಗಲೂ ಎಚ್ಚರವಿರಬೇಕು ಎಂದು ಹಿಲಿಯರ್ಡ್ ತನ್ನ ಗ್ರಂಥದಲ್ಲಿ ಹೇಳುತ್ತಾನೆ.

ಮುತ್ತು ಮಾಡುವ ಬಗೆಯಂತೂ ಬೆರಗು ಹುಟ್ಟಿಸುತ್ತದೆ. ಸೀಸದಿಂದ ಮಾಡಿದ ದಪ್ಪ ಬಿಳಿಬಣ್ಣದ ಹನಿಯೊಂದನ್ನು ಉಬ್ಬುವಂತೆ ಇಟ್ಟು, ಅದರ ಮೇಲೆ ಬೆಳ್ಳಿಯ ಚುಕ್ಕೆ ಹಚ್ಚಿ, ಪುಟ್ಟ ಕಾಡುಪ್ರಾಣಿಯ ಹಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದ. ಕೆಂಪು ಹರಳಿಗಾದರೆ ಮೊದಲು ಮೆರುಗಿಟ್ಟ ಬೆಳ್ಳಿ, ಅದರ ಮೇಲೆ ಬಣ್ಣ ಕಟ್ಟಿದ ರಾಳ. ಕಾಯಿಸಿದ ಸೂಜಿಯಿಂದ ಅದಕ್ಕೆ ಆಕಾರ. ಕೈಯಲ್ಲಿ ಹಿಡಿದು ಓರೆಮಾಡಿದರೆ ಬೆಳಕು ನಿಜವಾದ ಹರಳಿನೊಳಗೆಂಬಂತೆ ಆಡುತ್ತಿತ್ತು.

ಕೈಯಲ್ಲಿ ಹಿಡಿಯುವುದೇ ಇಲ್ಲಿ ಮುಖ್ಯ. ಗೋಡೆಯ ಚಿತ್ರಕ್ಕೆ ಬೇಕಾದ ಗಾಢ ನೆರಳು ಕಣ್ಣಿನ ಹತ್ತಿರ ಹಿಡಿದು ನೋಡುವ ಚಿತ್ರಕ್ಕೆ ಬೇಡ, ಗೆರೆಯೇ ಸಾಕು ಎಂಬುದು ಹಿಲಿಯರ್ಡನ ನಿಲುವು. ರಾಣಿಯೂ ಅದನ್ನು ಒಪ್ಪಿ, ಮರದ ನೆರಳು ಬೀಳದ ತೋಟದ ಬಯಲು ದಾರಿಯಲ್ಲಿ ಚಿತ್ರಕ್ಕೆ ಕುಳಿತಳಂತೆ. ರಾಣಿಗೆ ತನ್ನ ಮುಖ ನೆರಳಿಲ್ಲದೆ ಕಾಣಬೇಕೆಂಬ ಆಸೆಯೂ ಇದ್ದಿರಬಹುದು. ಚಿತ್ರಕಾರನ ವಾದವಂತೂ ಗಟ್ಟಿಯಾದದ್ದೇ.

ನಾಲ್ಕು ಶತಮಾನಗಳಲ್ಲಿ ಈ ಕಲೆಗಾರನ ಎಷ್ಟೋ ಕೃತಿಗಳಲ್ಲಿ ಬೆಳ್ಳಿ ಕಪ್ಪಿಟ್ಟಿದೆ, ಕೆನ್ನೆಯ ಕೆಂಪು ಬೆಳಕಿಗೆ ಮಾಸಿದೆ. ಬಿಳಿಚಿದ ಆ ಮುಖಗಳನ್ನು ಕಂಡು ಅವನ ಕೈ ತಣ್ಣಗಿತ್ತೆಂದು ತೀರ್ಮಾನಿಸುವುದು ಅನ್ಯಾಯ. ಕೊರಳ ಸುತ್ತ ಕಪ್ಪು ಚುಕ್ಕೆಗಳ ಸಾಲು ಕಂಡಲ್ಲಿ ಅವು ಒಂದು ಕಾಲಕ್ಕೆ ಹೊಳೆಯುತ್ತಿದ್ದ ಮುತ್ತುಗಳೆಂದು ತಿಳಿದು ನೋಡಬೇಕು. ಬಿಳಿಬಣ್ಣದ ಉಬ್ಬು ಈಗಲೂ ಹಾಗೆಯೇ ಇದೆ. ಪಕ್ಕದಿಂದ ಬೆಳಕು ಬಿದ್ದರೆ ಒಂದೊಂದು ಮುತ್ತೂ ತನ್ನ ನೆರಳನ್ನು ತಾನೇ ಚೆಲ್ಲುತ್ತದೆ.