ಅಂಗಡಿಗೊಂದು ವೆಬ್‌ಸೈಟ್: ಯಾವ ಪ್ಲಾಟ್‌ಫಾರ್ಮ್ ಆರಿಸೋದು?

ಇಂಜಿನಿಯರಿಂಗ್ ಓದ್ತಿದ್ದೀರಿ ಅಂತ ಊರಲ್ಲಿ ಗೊತ್ತಾದ್ರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳ್ತಾರೆ: "ನಮ್ಮ ಅಂಗಡಿಗೂ ಒಂದು ವೆಬ್‌ಸೈಟ್ ಮಾಡ್ಕೊಡಪ್ಪ." ನೀವು ಕಂಪ್ಯೂಟರ್ ಸೈನ್ಸೋ ಸಿವಿಲ್ಲೋ ಅನ್ನೋದು ಅವರಿಗೆ ಲೆಕ್ಕಕ್ಕಿಲ್ಲ. ನಾವೂ ಹುಮ್ಮಸ್ಸಿನಲ್ಲಿ ಒಪ್ಪಿಕೊಳ್ತೀವಿ. ಹೊಸದಾಗಿ ಕಲಿತ ರಿಯಾಕ್ಟ್, ನೋಡ್ ಎಲ್ಲವನ್ನೂ ಅದರ ಮೇಲೇ ಪ್ರಯೋಗ ಮಾಡುವ ಆಸೆ ಬೇರೆ ಇರುತ್ತೆ.

ಆದರೆ ಅಂಗಡಿ ಅನ್ನೋದು ಮಿನಿ ಪ್ರಾಜೆಕ್ಟ್ ಅಲ್ಲ. ಡೆಮೊ ಕೊಟ್ಟ ಮೇಲೂ ಅದು ನಡೀತಾನೇ ಇರಬೇಕು. ನಿಮಗೆ ಪ್ಲೇಸ್‌ಮೆಂಟ್ ಆಗಿ ಪುಣೆಗೋ ಹೈದರಾಬಾದಿಗೋ ಹೋದ ಮೇಲೆ ಪೇಮೆಂಟ್ ಬಟನ್ ಕೆಟ್ಟರೆ ನಷ್ಟ ಆಗೋದು ಅಂಗಡಿಯವರಿಗೆ. ಹಾಗಾಗಿ "ಯಾವ ತಂತ್ರಜ್ಞಾನ ಚೆನ್ನಾಗಿದೆ" ಅಂತ ಕೇಳೋದಕ್ಕೆ ಮೊದಲು "ನಾನಿಲ್ಲದಾಗ ಇದನ್ನ ನಡೆಸೋರು ಯಾರು" ಅಂತ ಕೇಳ್ಕೊಳ್ಳಿ. ಮುಂದಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಮಾತಿಗೆ ಒಂದು ಉದಾಹರಣೆ ಇಟ್ಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಖಣ ಮಾರುವ ಒಂದು ಮನೆ ಅಂಗಡಿ. ಗಿರಾಕಿಗಳು ಕರ್ನಾಟಕದಲ್ಲೂ ಇದ್ದಾರೆ, ಖಣವನ್ನು ಇಷ್ಟಪಡುವ ಮಹಾರಾಷ್ಟ್ರದಲ್ಲೂ ಇದ್ದಾರೆ. ತಿಂಗಳಿಗೆ 40 ಆರ್ಡರ್, ಒಂದೊಂದು ಸರಾಸರಿ 600 ರೂಪಾಯಿ ಅಂದ್ಕೊಳ್ಳಿ. ಒಟ್ಟು ವ್ಯಾಪಾರ 24,000 ರೂಪಾಯಿ.

ಇರುವ ದಾರಿಗಳು ನಾಲ್ಕು

ಮೊದಲನೆಯದು, ವೆಬ್‌ಸೈಟೇ ಬೇಡ ಅನ್ನೋದು. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ 500 ವಸ್ತುಗಳವರೆಗೆ ಕ್ಯಾಟಲಾಗ್ ಹಾಕಬಹುದು, ಖರ್ಚಿಲ್ಲ. ಹಣ ಯುಪಿಐನಲ್ಲಿ ಬರುತ್ತೆ. ತೊಂದರೆ ಏನಂದ್ರೆ ಪ್ರತಿ ಆರ್ಡರಿಗೂ ಒಬ್ಬರು ಕೂತು ಉತ್ತರ ಕೊಡಬೇಕು, ಸ್ಟಾಕ್ ಲೆಕ್ಕ ತಲೆಯಲ್ಲೇ ಇಟ್ಕೋಬೇಕು.

ಎರಡನೆಯದು, ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ತರಹದ ದೊಡ್ಡ ಸಂತೆ. ಜನ ಆಗಲೇ ಅಲ್ಲಿ ಸೇರಿರ್ತಾರೆ, ಹುಡುಕಿಕೊಂಡು ಹೋಗಬೇಕಿಲ್ಲ. ಆದರೆ ಸಂತೆಯ ನಿಯಮ ಸಂತೆಯವರದೇ. ಕಮಿಷನ್ ಇದ್ದರೂ ಇಲ್ಲದಿದ್ದರೂ ಸಾಗಣೆ, ಜಾಹೀರಾತು, ವಾಪಸಾತಿಯ ಖರ್ಚು ಸೇರಿಸಿಯೇ ಲೆಕ್ಕ ಹಾಕಬೇಕು. ಇನ್ನೂ ಮುಖ್ಯವಾದ್ದು, ಗಿರಾಕಿ ನಿಮ್ಮವರಾಗಲ್ಲ, ಸಂತೆಯವರಾಗ್ತಾರೆ.

ಮೂರನೆಯದು, ಶಾಪಿಫೈ ತರಹದ ಬಾಡಿಗೆ ಪ್ಲಾಟ್‌ಫಾರ್ಮ್. ಕೆನಡಾದ ಒಟ್ಟಾವಾದಲ್ಲಿ ಸ್ನೋಬೋರ್ಡ್ ಮಾರೋಕೆ ಅಂತ ಬರೆದ ಸಾಫ್ಟ್‌ವೇರೇ 2006ರಲ್ಲಿ ಶಾಪಿಫೈ ಆಗಿ ಹೊರಬಂತು. ಸರ್ವರ್, ಭದ್ರತೆ, ಅಪ್‌ಡೇಟ್ ಎಲ್ಲ ಅವರ ಜವಾಬ್ದಾರಿ. ತಿಂಗಳ ಬಾಡಿಗೆ ನಿಮ್ಮದು.

ನಾಲ್ಕನೆಯದು, ವೂಕಾಮರ್ಸ್, ಓಪನ್‌ಕಾರ್ಟ್ ತರಹದ ಓಪನ್ ಸೋರ್ಸ್. ವೂಕಾಮರ್ಸ್ ಅನ್ನೋದು ವರ್ಡ್‌ಪ್ರೆಸ್‌ಗೆ ಸೇರಿಸುವ ಪ್ಲಗಿನ್. 2011ರಲ್ಲಿ ಬಂತು, 2015ರಲ್ಲಿ ಆಟೊಮ್ಯಾಟಿಕ್ ಕಂಪನಿ ಕೊಂಡುಕೊಂಡಿತು. ಸಾಫ್ಟ್‌ವೇರ್ ಉಚಿತ, ಆದರೆ ಹೋಸ್ಟಿಂಗ್, ಬ್ಯಾಕಪ್, ಅಪ್‌ಡೇಟ್ ನಿಮ್ಮ ತಲೆ ಮೇಲೆ. ಇದೇ ಗುಂಪಿನ ಮೆಜೆಂಟೊ ದೊಡ್ಡ ಕಂಪನಿಗಳಿಗೆ ಸರಿ, ಮನೆ ಅಂಗಡಿಗೆ ಅದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.

ಎಲ್ಲವನ್ನೂ ಸೊನ್ನೆಯಿಂದ ನಾವೇ ಬರೆಯೋದು ಐದನೇ ದಾರಿ. ಅದನ್ನ ಪ್ರಾಜೆಕ್ಟಿಗೆ ಇಟ್ಕೊಳ್ಳಿ, ಅಂಗಡಿಗೆ ಬೇಡ. ಕೂಪನ್, ರೀಫಂಡ್, ಅರ್ಧಕ್ಕೆ ನಿಂತ ಪೇಮೆಂಟ್, ಒಂದೇ ಉಳಿದ ಪೀಸನ್ನು ಇಬ್ಬರು ಒಟ್ಟಿಗೆ ಕೊಂಡ ಸಂದರ್ಭ, ಇವೆಲ್ಲ ಬೇರೆಯವರು ಆಗಲೇ ಬಿಡಿಸಿದ ಲೆಕ್ಕಗಳು.

ಈಗ ಲೆಕ್ಕ

ಪೇಮೆಂಟ್ ಗೇಟ್‌ವೇ ಶುಲ್ಕ ಸಾಮಾನ್ಯವಾಗಿ ಶೇ. 2ರ ಆಸುಪಾಸು, ಅದರ ಮೇಲೆ ಶೇ. 18 ಜಿಎಸ್‌ಟಿ. ಅಂದರೆ ಒಟ್ಟು ಶೇ. 2.36. ಭಾರತದಲ್ಲಿ ಶಾಪಿಫೈನ ಸ್ವಂತ ಪೇಮೆಂಟ್ ಸೇವೆ ಇಲ್ಲ. ಬೇರೆ ಗೇಟ್‌ವೇ ಜೋಡಿಸಬೇಕು, ಹಾಗೆ ಜೋಡಿಸಿದ್ದಕ್ಕೆ ಬೇಸಿಕ್ ಪ್ಲಾನಿನಲ್ಲಿ ಅವರಿಗೂ ಶೇ. 2 ಕೊಡಬೇಕು. ಇದನ್ನ ಬಹಳ ಜನ ಗಮನಿಸೋದೇ ಇಲ್ಲ. ಬಾಡಿಗೆ 2,000 ರೂಪಾಯಿ, ವೂಕಾಮರ್ಸ್‌ನ ಹೋಸ್ಟಿಂಗ್ ಮತ್ತು ಡೊಮೇನ್ ಸೇರಿ 500 ರೂಪಾಯಿ ಅಂತ ಇಟ್ಕೊಂಡು ನೋಡೋಣ. ದರಗಳು ಬದಲಾಗ್ತಿರುತ್ತವೆ, ಲೆಕ್ಕದ ದಾರಿ ಮುಖ್ಯ.

ಬಾಡಿಗೆ ಪ್ಲಾಟ್‌ಫಾರ್ಮ್: 2,000 + 480 + 566 = 3,046 ರೂಪಾಯಿ. ವ್ಯಾಪಾರದ ಶೇ. 12.7.

ವೂಕಾಮರ್ಸ್: 500 + 566 = 1,066 ರೂಪಾಯಿ. ವ್ಯಾಪಾರದ ಶೇ. 4.4.

ಎರಡಕ್ಕೂ ನಡುವೆ ತಿಂಗಳಿಗೆ ಸುಮಾರು 2,000 ರೂಪಾಯಿ ವ್ಯತ್ಯಾಸ. ಓಹೋ, ವೂಕಾಮರ್ಸೇ ಸರಿ ಅನ್ನಿಸುತ್ತೆ ಅಲ್ವಾ? ತಡೀರಿ. ಆ 2,000 ರೂಪಾಯಿಗೆ ಅಪ್‌ಡೇಟ್ ಮಾಡಿ, ಬ್ಯಾಕಪ್ ತೆಗೆದು, ಪ್ಲಗಿನ್‌ಗಳು ಒಂದಕ್ಕೊಂದು ಜಗಳ ಆಡಿದಾಗ ರಾತ್ರಿ ಕೂತು ಸರಿ ಮಾಡುವವರು ಸಿಗ್ತಾರಾ? ಈಗ ಆ ಕೆಲಸವನ್ನು ನೀವು ಪುಕ್ಕಟೆ ಮಾಡ್ತಿದ್ದೀರಿ, ಅದಕ್ಕೇ ಅದು ಲೆಕ್ಕದಲ್ಲಿ ಕಾಣ್ತಿಲ್ಲ.

ವ್ಯಾಪಾರ ಹತ್ತು ಪಟ್ಟು ಆಯ್ತು ಅನ್ನಿ, 2,40,000 ರೂಪಾಯಿ. ಆಗ ಬಾಡಿಗೆ ದಾರಿಯ ಖರ್ಚು 2,000 + 4,800 + 5,664 = 12,464, ಅಂದರೆ ಶೇ. 5.2. ವೂಕಾಮರ್ಸ್‌ಗೆ ಒಳ್ಳೆಯ ಹೋಸ್ಟಿಂಗ್ ಅಂತ 1,500 ಇಟ್ಟರೂ 7,164, ಶೇ. 3. ಈಗ ವ್ಯತ್ಯಾಸ ತಿಂಗಳಿಗೆ 5,300. ಅಷ್ಟರಲ್ಲಿ ಊರಿನ ಒಬ್ಬ ಹುಡುಗನಿಗೋ ಹುಡುಗಿಗೋ ಪಾರ್ಟ್ ಟೈಮ್ ಕೊಟ್ಟು ಸೈಟ್ ನೋಡಿಕೊಳ್ಳೋಕೆ ಹೇಳಬಹುದು. ಅಂದರೆ ಉತ್ತರ ವ್ಯಾಪಾರದ ಗಾತ್ರದ ಜೊತೆ ಬದಲಾಗುತ್ತೆ. ಮೊದಲ ನೂರು ಆರ್ಡರ್ ಬರೋ ತನಕ ವಾಟ್ಸಾಪೇ ಸಾಕಾಗಬಹುದು.

ಫೀಚರ್ ಪಟ್ಟಿಯಲ್ಲಿ ಇರದ ಮೂರು ವಿಷಯ

ಒಂದು, ಕ್ಯಾಶ್ ಆನ್ ಡೆಲಿವರಿ. ಬಾಗಿಲಿಗೆ ಬಂದ ಪಾರ್ಸೆಲ್ ಬೇಡ ಅಂದರೆ ಹೋಗೋ ಖರ್ಚು, ಬರೋ ಖರ್ಚು ಎರಡೂ ಅಂಗಡಿಗೆ ಬೀಳುತ್ತೆ. 600 ರೂಪಾಯಿಯ ಖಣದಲ್ಲಿ ಒಂದು ವಾಪಸ್ ಬಂದರೆ ಎರಡು ಮೂರು ಆರ್ಡರಿನ ಲಾಭ ಹೋಗಬಹುದು. ಆದ್ದರಿಂದ ಪಿನ್ ಕೋಡ್ ನೋಡಿ ಸಿಒಡಿ ಕೊಡುವ ಸೌಲಭ್ಯ ಇದೆಯಾ ನೋಡಿ. ಕರ್ನಾಟಕದ ಪಿನ್‌ಗಳು 56ರಿಂದ 59ರವರೆಗಿನ ಅಂಕಿಗಳಿಂದ ಶುರುವಾಗ್ತವೆ, ಬರೀ ಅವಕ್ಕೆ ಮಾತ್ರ ಸಿಒಡಿ ಅಂತ ನಿಯಮ ಹಾಕೋದು ಕಷ್ಟವಲ್ಲ.

ಎರಡು, ಸಾಗಣೆಯ ತೂಕ. ಬಹಳಷ್ಟು ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸ್ತಾರೆ. 30, 25, 10ರ ಡಬ್ಬಿ ಅಂದರೆ 1.5 ಕೆಜಿ. ಒಳಗಿರೋ ಖಣ ಕಾಲು ಕೆಜಿ ಇದ್ದರೂ ಬಿಲ್ ಒಂದೂವರೆ ಕೆಜಿಗೆ. ತೆಳ್ಳನೆ ಕವರಿನಲ್ಲಿ ಕಳಿಸಿದರೆ ಉಳಿಯುವ ದುಡ್ಡು ಪ್ಲಾಟ್‌ಫಾರ್ಮ್ ಬದಲಿಸಿ ಉಳಿಸೋದಕ್ಕಿಂತ ಜಾಸ್ತಿ ಇರಬಹುದು!

ಮೂರು, ತೆರಿಗೆ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಆದರೆ ಬೇರೆ ರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ಈ ಮಿತಿ ಅನ್ವಯಿಸಲ್ಲ. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ, ಅದನ್ನ ತೆರಿಗೆ ಸಲಹೆಗಾರರನ್ನೇ ಕೇಳಿ. ವೆಬ್‌ಸೈಟ್ ಹಾಕಿದ ದಿನವೇ ಕೊಲ್ಹಾಪುರದಿಂದ ಆರ್ಡರ್ ಬರಬಹುದು ಅನ್ನೋದು ನೆನಪಿರಲಿ. 2025ರಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಎಷ್ಟು ಗಾಬರಿ ಆಗಿತ್ತು ಅಂತ ಗೊತ್ತೇ ಇದೆ. ಲೆಕ್ಕವನ್ನು ತಿಂಗಳು ತಿಂಗಳು ಹೊರತೆಗೆದು ಕೊಡುವ ಪ್ಲಾಟ್‌ಫಾರ್ಮ್ ಇದ್ದರೆ ಅಂಗಡಿಯವರು ನೆಮ್ಮದಿಯಾಗಿ ಮಲಗ್ತಾರೆ.

ಕನ್ನಡದಲ್ಲಿ ನಡೆಯುತ್ತಾ?

ವಸ್ತುವಿನ ಹೆಸರು, ವಿವರಣೆ ಕನ್ನಡದಲ್ಲಿ ಹಾಕೋಕೆ ಈಗ ಎಲ್ಲೂ ಅಡ್ಡಿಯಿಲ್ಲ. ಸಮಸ್ಯೆ ಇರೋದು ಮೂಲೆಗಳಲ್ಲಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೆ 3 ಬೈಟ್ ಬೇಕು. ಕಾಪಿ ಮಾಡಿದ ಲಿಂಕಿನಲ್ಲಿ ಅದು ಶೇಕಡಾ ಚಿಹ್ನೆ ಸೇರಿ 9 ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತೆ. ಹೆಸರು ಕನ್ನಡದಲ್ಲಿರಲಿ, ಲಿಂಕ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿರಲಿ. ಎಸ್‌ಎಂಎಸ್ ಕೂಡ ಹಾಗೇ: ಇಂಗ್ಲಿಷಿನಲ್ಲಿ ಒಂದಕ್ಕೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ, ಸಂದೇಶ ಉದ್ದವಾದರೆ ದುಪ್ಪಟ್ಟು ಚಾರ್ಜ್. ಪಿಡಿಎಫ್ ಬಿಲ್ ಮಾಡುವ ಕೆಲವು ಪ್ಲಗಿನ್‌ಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತೆ. ದುಡ್ಡು ಕೊಡೋ ಮೊದಲು "ಜ್ಯೋತ್ಸ್ನಾ" ಅಂತ ಒಂದು ಬಿಲ್ ಮಾಡಿ ನೋಡಿ, ಎರಡೇ ನಿಮಿಷದಲ್ಲಿ ಬಣ್ಣ ಬಯಲಾಗುತ್ತೆ.

ಹೊರಬರುವ ಬಾಗಿಲು

ಯಾವುದನ್ನೇ ಆರಿಸಿ, ಮುಂದೊಂದು ದಿನ ಬಿಡಬೇಕಾಗಬಹುದು. ಅದಕ್ಕೆ ಮೊದಲ ದಿನವೇ ಎರಡು ಕೆಲಸ ಮಾಡಿ. ಡೊಮೇನ್ ಹೆಸರು, ಗೇಟ್‌ವೇ ಖಾತೆ ಎರಡನ್ನೂ ಅಂಗಡಿಯವರ ಹೆಸರು, ಅವರ ಫೋನ್, ಅವರ ಇಮೇಲಿನಲ್ಲೇ ಮಾಡಿಸಿ, ನಿಮ್ಮದರಲ್ಲಿ ಅಲ್ಲ. ಆಮೇಲೆ ವಸ್ತುಗಳು, ಗಿರಾಕಿಗಳು, ಆರ್ಡರ್‌ಗಳು ಮೂರನ್ನೂ ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳೋಕೆ ಆಗುತ್ತಾ ಅಂತ ಪರೀಕ್ಷಿಸಿ. ಶಾಪಿಫೈಯಲ್ಲೂ ವೂಕಾಮರ್ಸ್‌ನಲ್ಲೂ ಇದು ಆಗುತ್ತೆ. ವಿನ್ಯಾಸ ಜೊತೆಗೆ ಬರಲ್ಲ, ಆದರೆ ಗಿರಾಕಿಗಳ ಪಟ್ಟಿ ಕೈಯಲ್ಲಿದ್ದರೆ ಅಂಗಡಿ ಉಳಿದ ಹಾಗೆ.

ಕೊನೆಗೂ ಎರಡರ ಮಧ್ಯೆ ಗೊಂದಲ ಇದ್ದರೆ ಹೀಗೆ ಮಾಡಿ. ಎರಡರಲ್ಲೂ ಟ್ರಯಲ್ ಅಂಗಡಿ ತೆರೆದು ಫೋನನ್ನು ಅಂಗಡಿಯ ಅಕ್ಕನ ಕೈಗೆ ಕೊಡಿ. ಹೊಸ ಖಣದ ಫೋಟೊ ತೆಗೆದು, ಬೆಲೆ ಹಾಕಿ, ಸ್ಟಾಕ್ ಒಂದು ಅಂತ ನಮೂದಿಸೋಕೆ ಹೇಳಿ. ನೀವು ಬಾಯಿ ಬಿಡಬೇಡಿ, ಪಕ್ಕದಲ್ಲಿ ಸುಮ್ಮನೆ ಕೂತಿರಿ. ಯಾವುದರಲ್ಲಿ ಅವರು ನಿಮ್ಮನ್ನು ಕೇಳದೆ ಕೆಲಸ ಮುಗಿಸ್ತಾರೋ ಅದನ್ನೇ ಆರಿಸಿ.