ಮೇಷ್ಟ್ರು ಕೇಳಲೇಬೇಕಾದ ಪ್ರಶ್ನೆ

ಹಾಸ್ಟೆಲಿನ ಹುಡುಗಿಯೊಬ್ಬಳು ನಾಲ್ಕು ದಿನದಿಂದ ತಟ್ಟೆಯಲ್ಲಿ ಅನ್ನ ಬಿಡುತ್ತಿದ್ದಾಳೆ ಎಂಬುದು ಮೊದಲು ಗೊತ್ತಾಗುವುದು ಅಡುಗೆಯವರಿಗೆ. ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತಾಳೆ ಎಂಬುದು ವಾರ್ಡನ್‌ಗೆ. ಮಗನ ಅಂಕ ಕೇಳಲು ಬಂದ ಅಪ್ಪ ಆಫೀಸಿನ ಎದುರೇ ಅವನ ಮೇಲೆ ಕೈಮಾಡಿದ್ದನ್ನು ಕಂಡವರು ಗುಮಾಸ್ತರು. ಮುಖ್ಯೋಪಾಧ್ಯಾಯರ ಕಿವಿಗೆ ಇದೆಲ್ಲ ಬೀಳುವುದು ಎಲ್ಲರಿಗಿಂತ ಕೊನೆಗೆ. ಎಷ್ಟೋ ಸಲ ಬೀಳುವುದೇ ಇಲ್ಲ.

ವಿಶಾಖಪಟ್ಟಣದಲ್ಲಿ ನೀಟ್ ತರಬೇತಿಗೆಂದು ಸೇರಿದ್ದ ಹದಿನೇಳರ ಹುಡುಗಿಯೊಬ್ಬಳು 2023ರಲ್ಲಿ ತೀರಿಕೊಂಡ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2025ರ ಜುಲೈ 25ರಂದು ತೀರ್ಪು ಕೊಟ್ಟ ನ್ಯಾಯಪೀಠ, ಕಾನೂನು ಬರುವ ತನಕ ದೇಶದ ಶಾಲೆ, ಕಾಲೇಜು, ಕೋಚಿಂಗ್ ಕೇಂದ್ರ, ಹಾಸ್ಟೆಲುಗಳೆಲ್ಲ ಪಾಲಿಸಬೇಕಾದ 15 ಮಾರ್ಗಸೂಚಿಗಳನ್ನು ವಿಧಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕು. ಎಲ್ಲ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು: ಮಾನಸಿಕ ಪ್ರಥಮ ಚಿಕಿತ್ಸೆ, ಅಪಾಯದ ಸೂಚನೆಗಳನ್ನು ಗುರುತಿಸುವುದು, ಮುಂದಕ್ಕೆ ಯಾರ ಬಳಿ ಕಳಿಸಬೇಕು ಎಂಬುದು. ಬೋಧಕೇತರ ಸಿಬ್ಬಂದಿಯನ್ನೂ ಇದರಲ್ಲಿ ಸೇರಿಸಿದ್ದು ಆ ತೀರ್ಪಿನ ಅತ್ಯಂತ ವಿವೇಕದ ಅಂಶ ಎಂದು ನನ್ನ ಭಾವನೆ. ಮಗುವನ್ನು ನೋಡುವ ಕಣ್ಣುಗಳು ಶಾಲೆಯಲ್ಲಿ ಎಲ್ಲೆಲ್ಲಿವೆ ಎಂಬುದನ್ನು ಅದು ಸರಿಯಾಗಿ ಗ್ರಹಿಸಿದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044. ಇವರಲ್ಲಿ ಎಲ್ಲರನ್ನೂ ಉಳಿಸಿಕೊಳ್ಳಬಹುದಿತ್ತು ಎಂದು ಯಾರೂ ಹೇಳಲಾರರು. ಆದರೆ ಯಾರಾದರೂ ಒಬ್ಬರು ಕೇಳಿದ್ದರೆ ಬಾಯಿಬಿಡುತ್ತಿದ್ದ ಮಕ್ಕಳು ಇವರಲ್ಲಿ ಖಂಡಿತ ಇದ್ದರು.

ಕೇಳುವುದೇ ಕಷ್ಟ. ಇಂಥ ತರಬೇತಿಗಳಲ್ಲಿ ಶಿಕ್ಷಕರನ್ನು ಇಬ್ಬಿಬ್ಬರಾಗಿ ಕೂರಿಸಿ, ಒಬ್ಬರು ವಿದ್ಯಾರ್ಥಿ, ಇನ್ನೊಬ್ಬರು ಮೇಷ್ಟ್ರು ಎಂದು ಮಾತಾಡಿಸುವ ಅಭ್ಯಾಸವಿರುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದವರೂ ಇಲ್ಲಿ ತಡವರಿಸುತ್ತಾರೆ. ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ, ಊಟ ಆಯ್ತಾ ಎಂದು ಸುತ್ತಿ ಬಳಸಿ, ಕಡೆಗೆ ‘ಏನೂ ಹೆಚ್ಚುಕಡಿಮೆ ಮಾಡ್ಕೊಳ್ಳಲ್ಲ ತಾನೆ?’ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಹೀಗೆ ಕೇಳಿದರೆ ‘ಇಲ್ಲ ಸಾರ್’ ಎನ್ನದೆ ಮಗುವಿಗೆ ಬೇರೆ ದಾರಿಯಿಲ್ಲ. ಮೇಷ್ಟ್ರಿಗೆ ಬೇಕಾದ ಉತ್ತರ ಯಾವುದೆಂದು ಅದಕ್ಕೆ ಗೊತ್ತಾಗಿಬಿಟ್ಟಿರುತ್ತದೆ. ಮತ್ತೆ ಮೊದಲಿನಿಂದ ಶುರು. ‘ಎರಡು ವಾರದಿಂದ ನೀನು ಯಾರ ಜತೆಗೂ ಸೇರ್ತಿಲ್ಲ, ನಿನ್ನ ಜಾಮಿಟ್ರಿ ಬಾಕ್ಸೂ ಗೆಳತಿಗೆ ಕೊಟ್ಟುಬಿಟ್ಟೆಯಂತೆ. ತುಂಬ ನೋವಾದಾಗ ಕೆಲವರಿಗೆ ಬದುಕೋದೇ ಬೇಡ ಅನ್ನಿಸುತ್ತೆ. ನಿನಗೂ ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಇಷ್ಟನ್ನು ದನಿ ನಡುಗದೆ ಹೇಳಬೇಕು; ಹೇಳಿ, ಉತ್ತರಕ್ಕೆ ಕಾಯಬೇಕು. ಆ ಮೌನವನ್ನು ಬುದ್ಧಿವಾದದಿಂದ ತುಂಬುವ ಆಸೆಯನ್ನು ತಡೆದುಕೊಳ್ಳುವುದು ಶಿಕ್ಷಕರಿಗೆ ಪ್ರಶ್ನೆಗಿಂತಲೂ ಕಷ್ಟವಾಗುತ್ತದೆ. ಅಪ್ಪ-ಅಮ್ಮನ ಕಷ್ಟ ಯೋಚಿಸು, ಇಷ್ಟಕ್ಕೆಲ್ಲ ಹೀಗಾಡ್ತಾರಾ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಅದು ಹೊರಬಿದ್ದರೆ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಆಗುವುದಿಲ್ಲವೆ ಎಂಬ ಅಳುಕು ಎಲ್ಲರಿಗೂ ಇದೆ. ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಸ್ಪಷ್ಟವಾಗಿ ಹೇಳುತ್ತ ಬಂದಿದೆ. ಕೇಳಿದಾಗ ಆತಂಕ ಇಳಿಯುತ್ತದೆ, ತನ್ನನ್ನು ಒಬ್ಬರಾದರೂ ಗಮನಿಸಿದರು ಎಂಬ ಸಮಾಧಾನ ಸಿಗುತ್ತದೆ.

ಹೌದು ಎಂದರೆ? ಆ ಕ್ಷಣದಿಂದ ಮಗುವನ್ನು ಒಂಟಿಯಾಗಿ ಬಿಡಬಾರದು. ‘ಯಾರಿಗೂ ಹೇಳಬೇಡಿ ಮಿಸ್’ ಎಂದು ಅದು ಅಂಗಲಾಚಬಹುದು; ಹೇಳುವುದಿಲ್ಲ ಎಂದು ಮಾತು ಕೊಡಬಾರದು. ‘ನಿನ್ನ ಜೀವ ಕಾಯೋಕೆ ಯಾರಿಗೆ ಹೇಳಬೇಕೋ ಅವರಿಗಷ್ಟೇ ಹೇಳ್ತೀನಿ, ನಿನಗೆ ತಿಳಿಸಿಯೇ ಹೇಳ್ತೀನಿ’ ಎನ್ನಬಹುದು. ಪಾಲಕರನ್ನು ಕರೆಸಿದಾಗ ಮನೆಯಲ್ಲಿರುವ ಅಪಾಯದ ವಸ್ತುಗಳನ್ನು ಬೀಗದೊಳಗೆ ಇಡಲು ಹೇಳಲೇಬೇಕು. ನೋವಿನ ಮೂಲ ಮನೆಯೇ ಆಗಿದ್ದರೆ, ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ, ದಾರಿ ಬೇರೆ: ಪೋಕ್ಸೊ ಕಾಯ್ದೆಯಡಿ ವರದಿ ಮಾಡುವುದು ಕಡ್ಡಾಯ, ಮಕ್ಕಳ ಸಹಾಯವಾಣಿ 1098 ಇದೆ. ಆಸ್ಪತ್ರೆಗೆ ಹೋದರೆ ಕೇಸಾಗುತ್ತದೆ ಎಂದು ಹೆದರಿ ಮುಚ್ಚಿಡುವ ಕುಟುಂಬಗಳು ಇನ್ನೂ ಇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ. ಅಂಥ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮು 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಇದನ್ನು ಪಾಲಕರಿಗೆ ಬಿಡಿಸಿ ಹೇಳುವಷ್ಟು ತಿಳಿವಳಿಕೆ ಶಾಲೆಯ ಒಬ್ಬರಿಗಾದರೂ ಇರಬೇಕು.

ತರಬೇತಿ ಪಡೆದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದುಕೊಂಡರೆ ಮೋಸಹೋಗುತ್ತೇವೆ. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ, 11 ಸಾವಿರಕ್ಕೂ ಹೆಚ್ಚು ಮಕ್ಕಳ ನಡುವೆ ನಡೆದ ಅಧ್ಯಯನವೊಂದು 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಶಿಕ್ಷಕರಿಗೆ ಮಾತ್ರ ತರಬೇತಿ ಕೊಟ್ಟ ಶಾಲೆಗಳಲ್ಲಿ ವರ್ಷದ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಕ್ಕಳ ಜತೆಗೇ ಕೂತು ಮಾತು, ಪಾತ್ರಾಭಿನಯ, ಚರ್ಚೆ ನಡೆಸಿದ ಶಾಲೆಗಳಲ್ಲಿ ಆತ್ಮಹತ್ಯೆಯ ಯತ್ನಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ನಮ್ಮ ಬಿಹಾರದ ನಾಲಂದಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ನಡೆದ ‘ಸೆಹರ್’ ಪ್ರಯೋಗ ಇನ್ನೂ ಕಟುವಾದ ಸತ್ಯ ಹೇಳಿತು. ಶಾಲೆಯ ವಾತಾವರಣ ಸುಧಾರಿಸುವ ಒಂದೇ ಕಾರ್ಯಕ್ರಮವನ್ನು ಕೆಲವೆಡೆ ಅದಕ್ಕೆಂದೇ ನೇಮಿಸಿದ ಸ್ಥಳೀಯ ಸಮಾಲೋಚಕರು, ಕೆಲವೆಡೆ ಶಿಕ್ಷಕರು ನಡೆಸಿದರು. ಸಮಾಲೋಚಕರಿದ್ದ ಶಾಲೆಗಳಲ್ಲಿ ಖಿನ್ನತೆ, ಪರಸ್ಪರ ಕಿರುಕುಳ, ಹಿಂಸೆ ಎಲ್ಲವೂ ತಗ್ಗಿದವು. ಶಿಕ್ಷಕರು ನಡೆಸಿದಲ್ಲಿ ಫಲ ಕಾಣಲಿಲ್ಲ.

ಇದರಿಂದ ನಮ್ಮ ಮೇಷ್ಟ್ರುಗಳು ಅಯೋಗ್ಯರು ಎಂದಾಗುವುದಿಲ್ಲ. ಪಾಠ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಗುರಿ ಇಷ್ಟೂ ಹೊತ್ತವರ ಮೇಲೆ ಇನ್ನೊಂದು ಹೊಣೆ ಹೇರಿ, ಅದಕ್ಕೆ ಒಂದು ಪೀರಿಯಡ್ಡನ್ನೂ ಬಿಟ್ಟುಕೊಡದಿದ್ದರೆ ಯಾರಿಂದಲೂ ಆಗದು. ಶಿಕ್ಷಕರು ಚಿಕಿತ್ಸೆ ಕೊಡಬೇಕಿಲ್ಲ. ಕಾಣಬೇಕು, ಕೇಳಬೇಕು, ತಕ್ಕವರ ಕೈಗೆ ಒಪ್ಪಿಸಬೇಕು. ಒಪ್ಪಿಸಲು ಆ ಕೈ ಇರಬೇಕು. ಕರ್ನಾಟಕದಲ್ಲಿ ಪೂರ್ತಿ ಬರಿಗೈಯೇನೂ ಇಲ್ಲ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್‌ಗಳಿವೆ, ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಹಾನ್ಸ್ ಮುಂದಾಳ್ತನದಲ್ಲಿ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ 14416 ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುತ್ತದೆ. ಮಗುವೂ ಕರೆ ಮಾಡಬಹುದು, ದಿಕ್ಕು ತೋಚದ ಶಿಕ್ಷಕರೂ ಮಾಡಬಹುದು. ಇವೆಲ್ಲ ಎಲ್ಲಿವೆ, ಯಾರನ್ನು ಕೇಳಬೇಕು ಎಂಬ ಮಾಹಿತಿ ಸ್ಟಾಫ್ ರೂಮಿನ ಗೋಡೆಯಲ್ಲಿ ವೇಳಾಪಟ್ಟಿಯ ಪಕ್ಕ ಇರಬೇಕಲ್ಲದೆ ಸುತ್ತೋಲೆಯ ಕಡತದಲ್ಲಲ್ಲ.

ಶಾಲೆ ತನ್ನನ್ನೂ ನೋಡಿಕೊಳ್ಳಬೇಕು. ಶುಲ್ಕ ಕಟ್ಟದ ಮಗುವನ್ನು ತರಗತಿಯಲ್ಲಿ ಎದ್ದುನಿಲ್ಲಿಸುವುದು, ಅಂಕದ ಮೇಲೆ ‘ದಡ್ಡರ ಬೆಂಚು’ ಮಾಡುವುದು, ಸಿಕ್ಕ ಪ್ರೇಮಪತ್ರವನ್ನು ಎಲ್ಲರೆದುರು ಓದುವುದು ಇವನ್ನು ನಿಲ್ಲಿಸದೆ ತರಬೇತಿಗೆ ಹೋಗಿ ಪ್ರಮಾಣಪತ್ರ ತಂದರೆ ಏನು ಬಂತು? ಮಾನಸಿಕ ಕಿರುಕುಳವನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು 2009ರಲ್ಲೇ ನಿಷೇಧಿಸಿದೆ. ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿದೆ. ಈ ಮಾತನ್ನು ಫಲಿತಾಂಶ ಬಂದ ಮೇಲಲ್ಲ, ಬರುವ ಮುಂಚೆಯೇ ಪ್ರತಿ ಮಗುವಿಗೂ ಪ್ರತಿ ಮನೆಗೂ ಹೇಳಬೇಕು.

ತರಬೇತಿಗಳಲ್ಲಿ ಅವಸರದಲ್ಲಿ ಮುಗಿಸಿಬಿಡುವ ಒಂದು ಭಾಗವಿದೆ, ಅದಕ್ಕೇ ಹೆಚ್ಚು ಸಮಯ ಕೊಡಬೇಕು ಎಂಬುದು ನನ್ನ ಒತ್ತಾಯ: ಸಾವಿನಂಚಿಗೆ ಹೋಗಿ ಬದುಕಿ ಬಂದ ಮಗು ಶಾಲೆಗೆ ಮರಳುವ ದಿನ. ಆಸ್ಪತ್ರೆಯಿಂದ ಬಂದ ಮೊದಲ ವಾರ, ತಿಂಗಳುಗಳಲ್ಲಿ ಅಪಾಯ ಎಂದಿಗಿಂತ ಹೆಚ್ಚು. ಮಗು ಶಾಲೆಗೆ ಬರುವ ಮುಂಚೆಯೇ ಪಾಲಕರು, ಮುಖ್ಯೋಪಾಧ್ಯಾಯರು, ಸಮಾಲೋಚಕರು ಕೂತು ಮಾತಾಡಬೇಕು. ಎಲ್ಲಿಗೆ ಹೋಗಿದ್ದೆ ಎಂದು ಗೆಳೆಯರು ಕೇಳಿದರೆ ಏನು ಹೇಳುವುದು ಎಂದು ಮಗುವನ್ನೇ ಕೇಳಿ ತೀರ್ಮಾನಿಸಬೇಕು. ಮನಸ್ಸು ಕುದಿದಾಗ ತರಗತಿಯಿಂದ ಎದ್ದು ಯಾವ ಶಿಕ್ಷಕರ ಬಳಿ ಹೋಗಬಹುದು ಎಂಬುದನ್ನು ಅದೇ ಆರಿಸಲಿ, ಕಾರಣ ಕೇಳದೆ ಕಳಿಸುವಂತೆ ಉಳಿದವರಿಗೆ ತಿಳಿಸಿರಲಿ. ಬಿಟ್ಟುಹೋದ ಪಾಠಕ್ಕೆ ಗಡುವು ಹಾಕುವುದು ಬೇಡ. ಹಾಜರಾತಿ ಕೊರತೆಯ ನೋಟಿಸು ತಾನಾಗಿ ಮನೆಗೆ ಹೋಗದಂತೆ ಗುಮಾಸ್ತರಿಗೆ ಅಂದೇ ಹೇಳಿಡಬೇಕು, ವೈದ್ಯರ ಪತ್ರ ಲಗತ್ತಿಸಿ ವಿನಾಯಿತಿಯ ಅರ್ಜಿಯನ್ನು ಶಾಲೆಯೇ ಬರೆದು ಕಳಿಸಬೇಕು.